ಅಳದಿದ್ದರೆ ಗೆದ್ದಂತೆ

ತಕ್ಕಡಿ ಅಂಗಡಿಯ ಹಿಂದಿನ ಕೋಣೆ,
ಗುರುವಾರ, ಊಟವಾದ ಮೇಲೆ.

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದ.

ಹೇಗಿದ್ದೀಯ ತಾಯಿ? ಕುತ್ತಿಗೆ ನೋವು ಕಡಿಮೆಯಾಯಿತೇ? ಬಂದರಿನ ಕ್ರೇನಿನ ತುದಿಯಲ್ಲಿ, ಗಾಜಿನ ನೆಲವಿರುವ ಡಬ್ಬಿಯೊಳಗೆ ಕೂತು, ದಿನವಿಡೀ ತಲೆ ಬಗ್ಗಿಸಿ ಹಡಗಿನ ಪೆಟ್ಟಿಗೆಗಳನ್ನು ಎತ್ತಿ ಇಳಿಸುವವಳಿಗೆ ಕುತ್ತಿಗೆ ಹಿಡಿಯದೆ ಇನ್ನೇನು ಹಿಡಿಯುತ್ತದೆ! ಮಲಗುವಾಗ ಬಿಸಿನೀರಿನ ಚೀಲ ಇಟ್ಟುಕೋ. ಬಲಗೈ ಹೆಬ್ಬೆರಳಿನ ಗಾಯ ಒಣಗಿತೇ? ಪಟ್ಟಿ ಒದ್ದೆಯಾಗದ ಹಾಗೆ ನೋಡಿಕೋ. ನಾನು ಹೇಳಲೇ ಇಲ್ಲವಲ್ಲ, ಇವರಿಗೆ ಹೇಗೆ ಗೊತ್ತಾಯಿತು ಎಂದು ಹುಬ್ಬು ಗಂಟಿಕ್ಕಬೇಡ. ಗೊತ್ತಾಯಿತು, ಅಷ್ಟೆ. ಇಲ್ಲಿ ನಾವೆಲ್ಲ ಸೌಖ್ಯ. ನಿನ್ನ ಅಮ್ಮನ ಮಂಡಿ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಅವಳು ನನ್ನನ್ನು ಕಂಡರೆ ಮುನಿಸಿಕೊಳ್ಳುತ್ತಾಳೆ, ಮಿಕ್ಕಂತೆ ಗಟ್ಟಿಯಾಗಿದ್ದಾಳೆ. ನಿನ್ನ ಮಗಳು, ನಮ್ಮ ಗುಲಗಂಜಿ, ಎತ್ತರವಾಗಿದ್ದಾಳೆ. ತಟ್ಟೆಗೆ ಹಾಕಿದ್ದನ್ನು ತಿನ್ನುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ಕೇಳದಿದ್ದರೆ ಬಾಯಿ ಬಿಡುವುದಿಲ್ಲ. ದೊಡ್ಡವರಲ್ಲೂ ಇಷ್ಟು ಒಳ್ಳೆಯ ಗುಣವನ್ನು ನಾನು ಕಂಡಿಲ್ಲ.

ನಿನ್ನ ಕಾಗದ ಬಂತು. ಕಾಗದ ಅನ್ನಲೋ ಚೀಟಿ ಅನ್ನಲೋ. "ಅಪ್ಪಾ, ಅವಳಿಗೆ ನನ್ನ ಗುರುತೇ ಸಿಗಲಿಲ್ಲ. ಇನ್ನು ನಾನು ಊರಿಗೆ ಬಂದು ಏನು ಮಾಡಲಿ? ಇಲ್ಲಿ ಇನ್ನೂ ಮೂರು ವರ್ಷಕ್ಕೆ ಕರಾರು ಕೊಡ್ತಾರಂತೆ. ಶನಿವಾರ ಸಹಿ ಹಾಕಿಬಿಡ್ತೀನಿ. ಅವಳು ನಿಮ್ಮ ಹತ್ತಿರವೇ ಇರಲಿ." ಇಷ್ಟೇ ಇಷ್ಟು. ಮಗುಚಿ ನೋಡಿದೆ, ಹಿಂದುಗಡೆ ಖಾಲಿ. ಎರಡು ಬಸ್ಸು ಬದಲಾಯಿಸಿಕೊಂಡು ಅಷ್ಟು ದೂರದಿಂದ ಬಂದವಳು, ಮನೆಯ ಹೊಸಿಲು ತುಳಿಯದೆ, ಹೆತ್ತವಳ ಮುಖ ನೋಡದೆ, ಬಂದ ದಾರಿಯಲ್ಲೇ ತಿರುಗಿ ಹೋದದ್ದಕ್ಕೆ ಒಂದು ಸಾಲಿನ ಸಮಜಾಯಿಷಿಯೂ ಇಲ್ಲ. ಇರಲಿ. ಈ ವರ್ಷ ಮುಗಿದ ಕೂಡಲೇ ಕೆಲಸ ಬಿಟ್ಟು ಬರ್ತೀನಿ, ಮಗಳನ್ನು ನಾನೇ ಸಾಕ್ತೀನಿ ಎಂದು ಕುಣಿಯುತ್ತಿದ್ದವಳು ನೀನೇ. ಈಗ ಮೂರು ವರ್ಷ ಅನ್ನುತ್ತಿರುವವಳೂ ನೀನೇ. ಆ ಮಂಗಳವಾರ ಗೇಟಿನ ಹತ್ತಿರ ನೀನು ಕಂಡದ್ದು ಏನು, ಯಾಕೆ ಎಂದು ನಾನು ಮೊದಲಿನಿಂದ ಹೇಳುತ್ತೇನೆ. ಓದಿ ಮುಗಿಸಿದ ಮೇಲೆ ಬೈಯುವುದಿದ್ದರೆ ಬೈ. ಆದರೆ ಲಾಭ ನಷ್ಟ ನೋಡಿ ಬೈ.

ಈ ಊರಿನಲ್ಲಿ ಸರ್ಕಾರದ ಶಿಶುವಿಹಾರಗಳು ಮೂರು. ಮೂರಕ್ಕೂ ನಾನು ಒಳಗಿನವನು. ಮಕ್ಕಳನ್ನು ತಿಂಗಳಿಗೊಮ್ಮೆ ತೂಗಬೇಕು ಅಂತ ಮೇಲಿನವರ ಅಪ್ಪಣೆ. ತೂಗಬೇಕೆಂದರೆ ತಕ್ಕಡಿ ನೆಟ್ಟಗಿರಬೇಕು. ನೆಟ್ಟಗಿಲ್ಲದಿದ್ದರೆ ಸ್ಕ್ರೂ ಡ್ರೈವರ್ ಹಿಡಿದುಕೊಂಡು ನಾನು ಹೋಗಬೇಕು. ಹೋದವನು ಮುಳ್ಳು ತಿರುಗಿಸಿ ಬರುವಷ್ಟು ಪೆದ್ದನೇ? ನಾಲ್ಕು ಕಡೆ ಕಣ್ಣಾಡಿಸಿ ಬರುತ್ತೇನೆ. ಮೊದಲನೆಯದು ಗಿರಣಿಯ ಹಿಂದಿನದು. ಅಲ್ಲಿಯ ಮೇಷ್ಟ್ರು ಕಿವಿಗೆ ರೇಡಿಯೋ ಒತ್ತಿಕೊಂಡು ಕೂತಿರುತ್ತಾನೆ, ಮಕ್ಕಳು ಸಾಲಾಗಿ ಮಲಗಿರುತ್ತವೆ. ಯಾಕಪ್ಪಾ ಬೆಳಗ್ಗೆ ಹತ್ತು ಗಂಟೆಗೇ ನಿದ್ದೆ ಅಂದರೆ, "ಮಲಗಿದ ಮಗುವಿನ ಮೇಲೆ ಯಾರೂ ದೂರು ಹೇಳಲ್ಲ, ಯಜಮಾನ್ರೇ" ಅಂದ. ಅವನ ಬುದ್ಧಿ ನನಗೆ ಹಿಡಿಸಿತು, ಶಿಶುವಿಹಾರ ಹಿಡಿಸಲಿಲ್ಲ. ಎರಡನೆಯದು ಮಾರುಕಟ್ಟೆಯ ಹಿಂದಿನ ಹಳೆಯ ಗೋದಾಮು, ನೀನು ಕಲಿತದ್ದು. ನಾನು ನೋಡಲು ಹೋದಾಗ ನಿನ್ನ ಮಡಿಲಮ್ಮ ಟೀಚರ್ ಇನ್ನೂ ಅಲ್ಲೇ ಇದ್ದಳು, ಇನ್ನಷ್ಟು ದಪ್ಪಗಾಗಿದ್ದಳು, ಮಡಿಲಿನಲ್ಲಿ ಒಟ್ಟೊಟ್ಟಿಗೆ ಮೂವರು ಹಿಡಿಸುತ್ತಿದ್ದರು. ಒಂದು ಮಗು ಅತ್ತರೆ ಎಲ್ಲವೂ ಅಳುತ್ತಿದ್ದವು, ಕೊನೆಗೆ ಅವಳೂ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಶಿಶುವಿಹಾರ ಬಿಟ್ಟ ಮೇಲೆ ಮಕ್ಕಳು ಒಬ್ಬರ ಚಪ್ಪಲಿ ಇನ್ನೊಬ್ಬರು ಹಾಕಿಕೊಂಡು ಮನೆಗೆ ಹೋಗುತ್ತಿದ್ದವು. "ಅಪ್ಪಾ, ಗುಲಗಂಜೀನ ಮಡಿಲಮ್ಮನ ಹತ್ತಿರಾನೇ ಹಾಕಿ, ನಾನೂ ಅಲ್ಲೇ ಅಲ್ವಾ ಕಲಿತದ್ದು" ಎಂದು ನೀನು ಬರೆದಿದ್ದೆ. ಅಲ್ಲೇ ಕಲಿತೆ. ಕಲಿತು ಎಲ್ಲಿಗೇರಿದೆ ಅಂತ ನೋಡಿದರೆ, ಎತ್ತರಕ್ಕೇನೋ ಏರಿದ್ದೀಯ, ಇಲ್ಲ ಅನ್ನುವುದಿಲ್ಲ.

ಮೂರನೆಯದು ನೀರಿನ ಟ್ಯಾಂಕಿನ ಪಕ್ಕದ ನೀಲಿ ಗೇಟು. ಪುರಸಭೆಯ ಕಚೇರಿಯ ಗೋಡೆಗೆ ಪ್ರತಿ ವರ್ಷ ಒಂದು ಹಲಗೆ ನೇತುಹಾಕುತ್ತಾರಲ್ಲ, ಯಾವ ಶಿಶುವಿಹಾರ ಎಷ್ಟರಲ್ಲಿದೆ ಅಂತ? ಹಾಜರಿ, ಮಕ್ಕಳ ತೂಕ, ಬಣ್ಣ ಹೇಳುವುದು, ಎಣಿಸುವುದು, ಕಡೆಗೆ "ಪಾಲಕರನ್ನು ಬಿಟ್ಟು ನೆಮ್ಮದಿಯಾಗಿರುವುದು" ಅಂತ ಒಂದು ಅಂಕಣ. ಆ ಹಲಗೆಯ ತುದಿಯಲ್ಲಿ ನೀಲಿ ಗೇಟಿನ ಹೆಸರು ಕೂತು ಎಷ್ಟು ವರ್ಷವಾಯಿತೋ, ಅಳಿಸಿ ಬರೆಯುವ ಕೆಲಸವೂ ಇಲ್ಲ. ಅಲ್ಲಿಂದ ಹೊರಬಿದ್ದ ಮಕ್ಕಳಿಗೆ ದೊಡ್ಡ ಶಾಲೆಯ ಬಾಗಿಲು ತಾನಾಗಿ ತೆಗೆಯುತ್ತದೆ. ಉಳಿದ ಮಕ್ಕಳಿಗೆ ಇಟ್ಟಿಗೆ ಗೂಡಿನ ಹತ್ತಿರದ ತಗಡಿನ ಶಾಲೆ. ನೀಲಿ ಗೇಟನ್ನು ನಡೆಸುವ ಮೇಡಂಗೆ ಊರೆಲ್ಲ ಗಡಿಯಾರದಮ್ಮ ಅನ್ನುತ್ತಾರೆ. ವಾಚನ್ನು ಮಣಿಕಟ್ಟಿನ ಒಳಬದಿಗೆ ಕಟ್ಟಿಕೊಳ್ಳುತ್ತಾರೆ. ಮಗು ಅಳಲು ಶುರುಮಾಡಿತೆಂದರೆ ಮಗುವನ್ನು ನೋಡುವುದಿಲ್ಲ, ವಾಚು ನೋಡುತ್ತಾರೆ. ಎರಡು ವಾರ ಹಾಗೆ ನೋಡಿ, ಅಳು ನಿಲ್ಲದ ಮಗುವಿನ ತಾಯಿಯನ್ನು ಕರೆದು, ಕುರ್ಚಿ ಕೊಟ್ಟು, ಬಹಳ ಮರ್ಯಾದೆಯಿಂದ, "ಮಗು ಇನ್ನೂ ತಯಾರಾಗಿಲ್ಲಮ್ಮಾ, ಮಾರುಕಟ್ಟೆಯ ಹತ್ತಿರದ್ದರಲ್ಲಿ ಒಂದು ವರ್ಷ ಕೂರಿಸಿ" ಅನ್ನುತ್ತಾರೆ. ಆ ತಾಯಿ ಕೈ ಮುಗಿದು ಬರುತ್ತಾಳೆ. ತಿಳಿಯಿತೇ ವ್ಯಾಪಾರ? ಗಟ್ಟಿ ಹಣ್ಣು ತನ್ನ ಬುಟ್ಟಿಗೆ, ಮೆತ್ತಗಾದದ್ದು ಮಡಿಲಮ್ಮನ ಬುಟ್ಟಿಗೆ. ಆಮೇಲೆ ವರ್ಷದ ಕೊನೆಗೆ ಎರಡು ಬುಟ್ಟಿಯನ್ನೂ ಅಕ್ಕಪಕ್ಕ ಇಟ್ಟು, ನೋಡಿ ನನ್ನ ಹಣ್ಣು ಹೇಗಿದೆ ಅನ್ನುವುದು. ಊರಿನವರು ಆ ಹಲಗೆ ನೋಡಿ ಬಾಯಿ ಬಿಡುತ್ತಾರೆ. ನಾನು ಆ ಬುದ್ಧಿ ನೋಡಿ ಬಾಯಿ ಬಿಟ್ಟೆ. ಮೋಸ ಅನ್ನಬೇಡ. ವ್ಯಾಪಾರ ಗೊತ್ತಿರುವವನಿಗೆ ಯಾವ ಬುಟ್ಟಿಯಲ್ಲಿ ಇರಬೇಕು ಅನ್ನುವುದಷ್ಟೇ ಪ್ರಶ್ನೆ. ನಾನು ತೂಕದ ಕಲ್ಲುಗಳ ಚೀಲ ಹೆಗಲಿಗೆ ಹಾಕಿಕೊಂಡು ಅಂಗಡಿ ಅಂಗಡಿ ಅಲೆದವನು, ಅಂಕಿ ಕಲಿತದ್ದೇ ಆ ಕಲ್ಲಿನ ಮೇಲೆ ಕೆತ್ತಿದ್ದನ್ನು ನೋಡಿ. ನನ್ನ ಮೊಮ್ಮಗಳು ತಗಡಿನ ಶಾಲೆಗೆ ಹೋಗುವುದನ್ನು ನೋಡಲು ನಾನು ಈ ಅಂಗಡಿ ಕಟ್ಟಲಿಲ್ಲ.

ಸೀಟು ಸಿಗುವುದು ಕಷ್ಟ ಅಂದರು. ಆ ತಿಂಗಳು ಅವರ ತಕ್ಕಡಿ ನೋಡಲು ಹೋದೆ. ಖಾಲಿ ತಟ್ಟೆಯ ಮೇಲೆ ಮುಳ್ಳು ಸೊನ್ನೆಯನ್ನು ದಾಟಿ ಒಂದು ಕೂದಲಷ್ಟು ಮುಂದೆ ನಿಂತಿತ್ತು. ಹಾಗಿದ್ದರೆ ಪ್ರತಿ ಮಗುವೂ ಒಂದಿಷ್ಟು ಹೆಚ್ಚು ತೂಗುತ್ತದೆ, ಹಲಗೆಯ ಮೇಲೆ ಅದೂ ಒಂದು ಅಂಕ. ಗಡಿಯಾರದಮ್ಮ ನನ್ನ ಮುಖ ನೋಡಿದರು. ನಾನು ಮುಳ್ಳು ನೋಡಿದೆ. "ತಕ್ಕಡಿ ಸರಿಯಿದೆ ಮೇಡಂ, ಎಣ್ಣೆ ಬಿಟ್ಟರೆ ಸಾಕು" ಅಂದೆ. "ನಿಮ್ಮ ಮೊಮ್ಮಗಳನ್ನ ಸೋಮವಾರದಿಂದ ಕರಕೊಂಡು ಬನ್ನಿ" ಅಂದರು. ಇಬ್ಬರೂ ಒಬ್ಬರಿಗೊಬ್ಬರು ಅರ್ಥವಾದೆವು.

ಆದರೆ ಗುಲಗಂಜಿ ಅತ್ತಳು ಕಣಮ್ಮಾ. ಎಲ್ಲ ಮಕ್ಕಳೂ ಅಳುತ್ತವೆ, ನಿಲ್ಲಿಸುತ್ತವೆ. ಇವಳು ಗೇಟಿನ ಸರಳು ಹಿಡಿದುಕೊಂಡು "ಅಮ್ಮಾ" ಅಂತ ಒಂದೇ ರಾಗ ತೆಗೆದರೆ ಟ್ಯಾಂಕಿನ ನೀರು ಅಲುಗಾಡಬೇಕು. ಗಡಿಯಾರದಮ್ಮನಿಗೆ ಒಂದು ವಾರದಲ್ಲೇ ಹೊಳೆಯಿತು. "ಯಜಮಾನರೇ, ಗುರುವಾರ ಶುಕ್ರವಾರಕ್ಕೆ ಈ ಮಗು ಸರಿಹೋಗುತ್ತೆ, ಸೋಮವಾರ ಮತ್ತೆ ಮೊದಲಿಗೆ ಬರುತ್ತೆ. ಭಾನುವಾರ ನಿಮ್ಮ ಮನೆಯಲ್ಲಿ ಏನಾಗುತ್ತೆ?" ಅಂದರು. ಭಾನುವಾರ ಏನಾಗುತ್ತದೆ? ನೀನು ಬಂದರಿನ ಬೂತಿನಿಂದ ಅಂಗಡಿಗೆ ಫೋನ್ ಮಾಡುತ್ತೀಯ. ಅವಳು ಸ್ಟೂಲಿನ ಮೇಲೆ ನಿಂತು ರಿಸೀವರನ್ನು ಎರಡು ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಳ್ಳುತ್ತಾಳೆ. "ಏನು ತಿಂದೆ ಚಿನ್ನಾ, ಯಾವ ಅಂಗಿ ಹಾಕಿದ್ದೀಯ" ಎಂದು ನೀನು ಕೇಳುತ್ತೀಯ. ಇಲ್ಲಿ ಅವಳು ಅಂಗಿಯ ಅಂಚು ಎತ್ತಿ ಫೋನಿಗೆ ತೋರಿಸುತ್ತಾಳೆ. ಅಷ್ಟಾಗಿ ನೀನು ಇಡುತ್ತೀಯ. ನಿನ್ನ ಪಾಲಿಗೆ ಅಲ್ಲಿಗೆ ಮುಗಿಯಿತು. ಸೋಮವಾರ ಗೇಟಿನ ಹತ್ತಿರ ಅದರ ಬಿಲ್ಲು ಕಟ್ಟುವವರು ಯಾರು? "ಒಂದೋ ಭಾನುವಾರ ನಿಲ್ಲಿಸಿ, ಇಲ್ಲ ಮಾರುಕಟ್ಟೆಯ ಹತ್ತಿರ ಸೇರಿಸಿ" ಅಂದರು ಮೇಡಂ. ಫೋನಿನ ಲೈನು ಕೆಟ್ಟಿದೆ ಎಂದು ನಾನು ನಿನಗೆ ಬರೆದದ್ದು ಆಗ. ಲೈನು ಕೆಟ್ಟಿಲ್ಲ. ಭಾನುವಾರದ ದಿನ ತಂತಿ ಕಿತ್ತಿಡುತ್ತೇನೆ, ಸೋಮವಾರ ಸಿಕ್ಕಿಸುತ್ತೇನೆ. ವಾರದ ದಿನಗಳಲ್ಲಿ ನೀನು ಕ್ರೇನಿನ ಮೇಲಿರುತ್ತೀಯ, ಗಿರಾಕಿಗಳಿಗೆ ಫೋನು ಬೇಕಲ್ಲ. ಸಿಟ್ಟು ಬಂತೇ? ಬರಲಿ. ಮೂರನೇ ಸೋಮವಾರ ಅವಳು ಅಳಲಿಲ್ಲ, ಅದನ್ನೂ ಬರೆದುಕೋ.

ಬರಿ ಫೋನು ನಿಲ್ಲಿಸಿದರೆ ಸಾಲದು, ಅಭ್ಯಾಸವೂ ಬೇಕು. ಅದಕ್ಕೆ ನಾನೊಂದು ಆಟ ಕಟ್ಟಿದೆ. ಅಂಗಡಿಯಲ್ಲಿ ಮೂಟೆ ತೂಗುವ ಹೊಸ ಕರೆಂಟಿನ ತಕ್ಕಡಿ ಇದೆ, ನೆಲಕ್ಕೆ ಅಂಟಿಕೊಂಡ ಉಕ್ಕಿನ ಹಲಗೆ, ಎದುರಿಗೆ ಕೆಂಪು ಅಂಕಿ ತೋರಿಸುವ ಡಬ್ಬಿ. ಗುಲಗಂಜಿಯನ್ನು ಆ ಹಲಗೆಯ ಮೇಲೆ ಕೂರಿಸಿ, ಮಾತಿಲ್ಲದೆ, ಹಿಂತಿರುಗಿ ನೋಡದೆ ನಾನು ಬಾಗಿಲು ದಾಟಿ ಹೋಗುವುದು. ನಿಯಮ ಇಷ್ಟೇ: ಅತ್ತರೆ ಹೋದವರು ಬರುವುದಿಲ್ಲ. ಅಳದಿದ್ದರೆ ಗೆದ್ದಂತೆ, ಹೋದವರು ವಾಪಸ್ ಬರುತ್ತಾರೆ, ಬಹುಮಾನವಾಗಿ ಡಬ್ಬಿಯ ಸೊನ್ನೆಯ ಗುಂಡಿ ಒತ್ತಬಹುದು. ಮೊದಲು ಪಕ್ಕದ ಟೀ ಅಂಗಡಿಯವರೆಗೆ ಹೋದೆ. ಆಮೇಲೆ ಮೂಲೆ ತಿರುಗಿದೆ. ಆಮೇಲೆ ಕಟಿಂಗ್ ಮಾಡಿಸಿಕೊಂಡೇ ಬರತೊಡಗಿದೆ. ಒಂದು ದಿನ ಬಾಗಿಲ ಸಂದಿನಿಂದ ನೋಡಿದರೆ ತುಟಿ ಒಳಗೆಳೆದು ಕಚ್ಚಿಕೊಂಡು, ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಾಳೆ, ಕಣ್ಣು ಮಾತ್ರ ಬಾಗಿಲ ಮೇಲೆ. ನಾನು ಒಳಗೆ ಬಂದ ಕೂಡಲೇ "ತಾತಾ, ಗೆದ್ದೆ!" ಅಂದಳು. ಎಂಥ ಹಟ ಅಂತೀಯ, ನಿನಗಿಂತ ಒಂದು ಕೈ ಮೇಲು. ನಿನ್ನ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಕೂಸಿಗೆ ಇದೆಂಥ ಆಟ ರೀ, ಕಟುಕರ ಆಟ" ಅಂದಳು. ಅವಳು ನನ್ನ ಜೊತೆ ಮಾತು ಕಡಿಮೆ ಮಾಡಿದ್ದು ಅಂದಿನಿಂದ.

ಆ ಸೊನ್ನೆಯ ಗುಂಡಿಯ ಒಂದು ಸಂಗತಿ ಹೇಳಲೇಬೇಕು, ನಗು ಬರುತ್ತದೆ. ಒಮ್ಮೆ ಹಲಗೆಯ ಮೇಲೆ ನಿಂತೇ ಒತ್ತಿಬಿಟ್ಟಳು. ಅವಳ ತೂಕ ಕಳೆದು ಡಬ್ಬಿಯಲ್ಲಿ ಸೊನ್ನೆ ಬಂತು. "ತಾತಾ, ನಾನು ಇಲ್ಲವೇ ಇಲ್ಲ!" ಎಂದು ಕೇಕೆ ಹಾಕಿದಳು. ಕೆಳಗಿಳಿದ ಮೇಲೆ ಅವಳ ತೂಕವೇ ಮತ್ತೆ ಬಂತು, ಅಂಕಿಯ ಎಡಗಡೆ ಕಳೆಯುವ ಲೆಕ್ಕದ ಒಂದು ಅಡ್ಡಗೀಟು ಹಾಕಿಕೊಂಡು. "ಈ ಗೀಟು ಯಾಕೆ?" ಅಂದಳು. ಹೊಸದಾಗಿ ಈ ತಕ್ಕಡಿ ಕೊಂಡವರೆಲ್ಲ ಇದೇ ತಪ್ಪು ಮಾಡುತ್ತಾರೆ. ಸಾಮಾನು ಮೇಲಿರುವಾಗಲೇ ಸೊನ್ನೆ ಒತ್ತುತ್ತಾರೆ, ಸಾಮಾನು ತೆಗೆದ ಮೇಲೆ ಗೀಟು ಕಂಡು ಗಾಬರಿಯಾಗಿ, ತಕ್ಕಡಿ ಕೆಟ್ಟಿತು ಬನ್ನಿ ಎಂದು ಫೋನ್ ಮಾಡುತ್ತಾರೆ. ಕೆಟ್ಟಿಲ್ಲಪ್ಪಾ, ನೀನು ಸೊನ್ನೆ ಮಾಡಿದ್ದು ಭಾರ ಇಟ್ಟುಕೊಂಡು, ಅದಕ್ಕೆ ಭಾರ ಇನ್ನೂ ನೆನಪಿದೆ ಅನ್ನುತ್ತೇನೆ. ಮಗುವಿಗೆ ಇಷ್ಟೆಲ್ಲ ಯಾಕೆ? "ಅದು ಸುಮ್ಮನೆ ಬರೋ ಗೀಟು" ಅಂದೆ.

ಈಗ ಮಂಗಳವಾರದ ವಿಷಯ. ಅಂದು ಮೇಲಿನಿಂದ ಇನ್ಸ್‌ಪೆಕ್ಟರ್ ಮೇಡಂ ಬಂದಿದ್ದರು. ಹಲಗೆಯ ಮೇಲೆ ಯಾರ ಹೆಸರು ಎಲ್ಲಿ ಎಂದು ತೀರ್ಮಾನವಾಗುವುದು ಆ ಒಂದು ದಿನ. ಅವರ ಕಣ್ಣು ಮುಖ್ಯವಾಗಿ ಆ ಕಡೆಯ ಅಂಕಣದ ಮೇಲೆ. ನೀಲಿ ಗೇಟಿನಲ್ಲಿ ಒಂದು ಉದ್ದ ಹಗ್ಗವಿದೆ, ಅದಕ್ಕೆ ಅಲ್ಲಲ್ಲಿ ಗಂಟು, ಒಂದೊಂದು ಗಂಟಿಗೆ ಒಂದೊಂದು ಮಗು. ಗಂಟು ಹಿಡಿದುಕೊಂಡು ಮಕ್ಕಳು ಟ್ಯಾಂಕಿನ ಸುತ್ತ ಒಂದು ಸುತ್ತು ಬಂದು ಗೇಟಿನೊಳಗೆ ಹೋಗಬೇಕು. ಮನೆಯವರೆಲ್ಲ ರಸ್ತೆಯ ಈಚೆ ನಿಲ್ಲಬೇಕು. ಕೈ ಬೀಸುವಂತಿಲ್ಲ, ಕರೆಯುವಂತಿಲ್ಲ. ತನ್ನವರನ್ನು ಕಂಡು ಗಂಟು ಬಿಟ್ಟ ಮಗು ಸೋತಂತೆ, ಒಂದು ಮಗು ಸೋತರೆ ಇಡೀ ಹಗ್ಗ ಸೋತಂತೆ. ಹಗ್ಗ ಹೊರಟಿತ್ತು. ಆಗ ಮೂಲೆಯಲ್ಲಿ ಬಸ್ಸು ನಿಂತು, ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಹೆಂಗಸೊಬ್ಬಳು ಚೀಲ ಹಿಡಿದುಕೊಂಡು ಓಡೋಡಿ ಬಂದಳು. ಬಂದರಿನ ಜಾಕೆಟ್ ಕೂಡ ಬಿಚ್ಚಿರಲಿಲ್ಲವಲ್ಲೇ ನೀನು! ರಸ್ತೆಯ ಆಚೆ, ಗೇಟಿನ ಕಂಬದ ಪಕ್ಕಕ್ಕೇ ಹೋಗಿ ನಿಂತೆ. ನೀನು ಈ ಕಡೆ ತಿರುಗಿದ್ದೇ ತಡ, ನಾನು ಅಂಗೈ ಎತ್ತಿ ತೋರಿಸಿದೆ. ಬೇಡ ಅಂತ. ಚಿಕ್ಕಂದಿನಿಂದ ಆ ಅಂಗೈ ನಿನಗೆ ಗೊತ್ತು. ನೀನು ತೆರೆದ ಬಾಯಿ ಮುಚ್ಚಿದೆ, ನನಗೆ ಬೆನ್ನು ಹಾಕಿ ನಿಂತೆ. ಹಗ್ಗ ಬಂತು. ಗುಲಗಂಜಿಯದು ಕಡೆಯ ಗಂಟು. ನಿನ್ನ ಮುಂದೆ ಹಾದಾಗ ನೀನು ಕೈ ಚಾಚಿದ್ದರೆ ಅವಳ ತಲೆ ಸಿಗುತ್ತಿತ್ತು. ಚಾಚಲಿಲ್ಲ, ಅದೊಂದು ಉಪಕಾರ ಮಾಡಿದೆ. ಅವಳು ಒಮ್ಮೆ ನಿನ್ನ ಕಡೆ ನೋಡಿದಳು, ದೀಪದ ಕಂಬ ನೋಡಿದ ಹಾಗೆ. ನೋಡಿ, ಗಂಟನ್ನು ಬಿಗಿಯಾಗಿ ಹಿಡಿದು, ಮುಂದಿನ ಮಗುವಿನ ಬೆನ್ನು ನೋಡುತ್ತಾ ಒಳಗೆ ಹೋದಳು. ಗೇಟು ಮುಚ್ಚಿತು.

ಇನ್ಸ್‌ಪೆಕ್ಟರ್ ಮೇಡಂ ಗಡಿಯಾರದಮ್ಮನನ್ನು ಕೇಳಿದರಂತೆ, "ಆ ಹೆಂಗಸು ಯಾರು?" ಅಂತ. "ಆ ಕಡೇ ಮಗುವಿನ ತಾಯಿ. ಬಹಳ ದಿನದ ಮೇಲೆ ಬಂದಿದ್ದಾಳೆ." "ತಾಯಿಯನ್ನು ಕಂಡೂ ಗಂಟು ಬಿಡಲಿಲ್ಲವಾ? ಇಷ್ಟು ವರ್ಷದಲ್ಲಿ ನಾನು ಇಂಥ ಮಗು ನೋಡಿಲ್ಲ" ಎಂದು ಗುಲಗಂಜಿಯ ಕೆನ್ನೆ ಹಿಂಡಿ, ಅಲ್ಲೇ ಪೂರ್ತಿ ಅಂಕ ಹಾಕಿದರಂತೆ. ನೀಲಿ ಗೇಟು ಈ ಸಲವೂ ಮೊದಲು. ಗುಲಗಂಜಿಗೆ ದೊಡ್ಡ ಶಾಲೆಯ ಸೀಟು ಅಂದೇ ಖಾತ್ರಿಯಾಯಿತು. ಮಡಿಲಮ್ಮನದು ಕೊನೆಗೆ ಬಂದು, ಇಂಥದ್ದನ್ನು ನಡೆಸುವುದಕ್ಕಿಂತ ಮುಚ್ಚುವುದು ಮೇಲು ಎಂದು ಬೀಗ ಹಾಕಿದ್ದಾರೆ. ಅವಳನ್ನು ಪುರಸಭೆಯ ಕಚೇರಿಯಲ್ಲಿ ಕಾಗದ ಹೊಲಿಯಲು ಕೂರಿಸಿದ್ದಾರಂತೆ. ಈ ಸಂತೋಷ ಹೇಳೋಣ ಎಂದು ನಾನು ರಸ್ತೆ ದಾಟಿದರೆ ಅಲ್ಲಿ ನೀನಿಲ್ಲ. ಕಟ್ಟೆಯ ಮೇಲೆ ಚೀಲ ಮಾತ್ರ. ಒಳಗೆ ಹಳದಿ ಬೂಟು. ಒಳ್ಳೆಯ ಬೂಟೇ, ಹೊಲಿಗೆ ಗಟ್ಟಿ, ಆದರೆ ಅವಳ ಪಾದದ ಮುಕ್ಕಾಲು ಭಾಗ ಮಾತ್ರ ಹಿಡಿಯುತ್ತದೆ. ನೀನು ಬಿಟ್ಟುಹೋದ ದಿನದ ಪಾದ ನೆನಪಿಟ್ಟುಕೊಂಡು ಕೊಂಡಿದ್ದೀಯ. ನಿನ್ನ ಲೆಕ್ಕದಲ್ಲಿ ಮಗು ಅಲ್ಲೇ ನಿಂತಿದೆ.

ಆದ್ದರಿಂದ ನನ್ನ ಮಾತು ಕೇಳು. ಅವಳಿಗೆ ನಿನ್ನ ಗುರುತು ಸಿಗಲಿಲ್ಲ ಎಂದು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮಕ್ಕಳ ತಲೆ ಸಣ್ಣದು, ಒಂದನ್ನು ಒಳಗಿಡಬೇಕಾದರೆ ಇನ್ನೊಂದನ್ನು ತೆಗೆಯಬೇಕು. ನಿನ್ನ ಗಂಡ ಅನ್ನಿಸಿಕೊಂಡವನು ಲಾರಿ ಹತ್ತಿ ಹೋದವನು ಇನ್ನೂ ಇಳಿದಿಲ್ಲ. ಅವನ ಮುಖ ಅವಳಿಗೆ ನೆನಪಿದೆಯೇ? ಇಲ್ಲ. ಅದರಿಂದ ನಷ್ಟ ಯಾರಿಗಾಯಿತು? "ತಾಯಿ ಬಂದು ಹೋಗಿ ಮಾಡಿದರೆ ಮಗು ಕದಡುತ್ತೆ, ಬರೋದಾದರೆ ಪೂರ್ತಿ ಬರಲಿ, ಇಲ್ಲ ಪೂರ್ತಿ ಹೋಗಲಿ" ಎಂದು ಗಡಿಯಾರದಮ್ಮ ಅನ್ನುತ್ತಾರೆ. ಪೂರ್ತಿ ಬಂದು ಇಲ್ಲಿ ಏನು ಮಾಡುತ್ತೀಯ? ಈ ಊರಿನಲ್ಲಿ ಎತ್ತಲು ಕ್ರೇನೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಅಲ್ಲಿ ನಿನಗೆ ಒಳ್ಳೆಯ ಹೆಸರಿದೆ. ಕರಾರು ಬಂದಿದೆ, ಸಹಿ ಹಾಕು. ಮೂರು ವರ್ಷದಲ್ಲಿ ಅವಳು ದೊಡ್ಡ ಶಾಲೆಯಲ್ಲಿ ಗಟ್ಟಿಯಾಗಿ ಕೂತಿರುತ್ತಾಳೆ. ಆಗ ಬಾ, ಹೊಸದಾಗಿ ಪರಿಚಯ ಮಾಡಿಕೊಟ್ಟರೆ ಆಯಿತು. ಮಗುವನ್ನು ನಾನು ಕಿತ್ತುಕೊಂಡೆ ಎಂದು ಮಾತ್ರ ಅನ್ನಬೇಡ. ನೀನು ಇಟ್ಟುಹೋದ ಸಾಮಾನನ್ನು ನಾನು ನೆಟ್ಟಗೆ ನೋಡಿಕೊಂಡೆ, ಅಷ್ಟೆ.

ಗಿರಾಕಿಗಳು ಬರುವ ಹೊತ್ತಾಯಿತು, ಇಲ್ಲಿಗೆ ನಿಲ್ಲಿಸುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಗಾಳಿ ಜೋರಾದ ದಿನ ಮೇಲೆ ಹತ್ತಬೇಡ, ಮೇಸ್ತ್ರಿ ಬೈದರೂ ಹತ್ತಬೇಡ. ಟೀ ಅಂಗಡಿಯವನು ನಿನ್ನನ್ನು ಕೇಳಿದ ಎಂದು ತಿಳಿಸಲು ಹೇಳಿದ್ದಾನೆ. ನಿನ್ನ ಅಮ್ಮ ಏನೂ ಹೇಳಲಿಲ್ಲ, ಅದನ್ನೂ ತಿಳಿಸಿದ್ದೇನೆ.

ನಿನ್ನ ಒಳಿತನ್ನೇ ಬಯಸುವ,
ಅಪ್ಪ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುತ್ತಿದ್ದರೆ ನಿನ್ನ ಅಮ್ಮ ಬಂದು ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಾಳೆ. "ಹೆಬ್ಬೆರಳಿನ ವಿಷಯ ಬರೀರಿ, ಬರೆಯದೆ ಈ ಕಾಗದ ಹೊಸಿಲು ದಾಟಿದರೆ ನಾನೂ ದಾಟ್ತೀನಿ" ಅನ್ನುತ್ತಾಳೆ. ಬರೆಯುತ್ತೇನೆ. ನಿನ್ನ ಗಾಯವನ್ನು ನಾನು ನೋಡಿದ್ದಲ್ಲ, ನನಗೆ ಕಂಡದ್ದು ನಿನ್ನ ಬೆನ್ನು. ನೋಡಿದವಳು ಗುಲಗಂಜಿ. ನಿನ್ನ ಕೈ ಅವಳ ಕಣ್ಣಿನ ಎತ್ತರಕ್ಕೇ ಇತ್ತಲ್ಲ. ಆ ಮಂಗಳವಾರ ಮನೆಗೆ ಬಂದವಳೇ ಅಜ್ಜಿಯ ಕಿವಿಗೆ ಬಾಯಿಟ್ಟು ಹೇಳಿದಳಂತೆ: "ಅಜ್ಜೀ, ಅಮ್ಮ ಬಂದಿದ್ದಳು. ಅಮ್ಮನ ಈ ಬೆರಳಿಗೆ ಉವ್ವಾ ಆಗಿದೆ, ಬಿಳಿ ಪಟ್ಟಿ ಕಟ್ಟಿದಾಳೆ. ನಾನು ಅಳಲೇ ಇಲ್ಲ. ನಾನು ಗೆದ್ದೆ. ಇನ್ನು ಅಮ್ಮ ವಾಪಸ್ ಬರ್ತಾಳೆ." ಅಂದಿನಿಂದ ಶಿಶುವಿಹಾರ ಬಿಟ್ಟು ಬಂದ ಕೂಡಲೇ ಆ ಹಳದಿ ಬೂಟಿನ ಹಿಮ್ಮಡಿ ತುಳಿದು ಹಾಕಿಕೊಂಡು, ತಕ್ಕಡಿಯ ಹಲಗೆಯ ಮೇಲೆ ಬಾಗಿಲಿಗೆ ಮುಖ ಮಾಡಿ ಕೂರುತ್ತಾಳೆ. ಈಗಲೂ ಕೂತಿದ್ದಾಳೆ. ನಿಯಮ ಮಾಡಿದವನು ನಾನು, ಆಟ ಮುಗಿಯಿತು ಎಂದು ಹೇಳಲು ನನಗೆ ಬಾಯಿ ಬರುತ್ತಿಲ್ಲ. "ಶನಿವಾರ ಸಹಿ ಅಂತೀರ, ಅಂಚೆ ಹೋಗಿ ಮುಟ್ಟೋದು ಮಂಗಳವಾರ. ಫೋನ್ ಮಾಡ್ರೀ, ಬಂದರಿನ ಆಫೀಸಿನ ನಂಬರು ಗೋಡೆ ಮೇಲೇ ಇದೆ" ಎಂದು ನಿನ್ನ ಅಮ್ಮ ಒಂದೇ ಸಮನೆ ಹೇಳುತ್ತಿದ್ದಾಳೆ. ಇಷ್ಟುದ್ದ ಬರೆದಿದ್ದೇನೆ, ಮತ್ತೆ ಫೋನು ಬೇರೆ ಯಾಕೆ? ಅಂಚೆಗೇ ಹಾಕುತ್ತೇನೆ. ಬಾಗಿಲು ಸದ್ದಾಯಿತು, ಗುಲಗಂಜಿ ದಡಕ್ಕನೆ ಎದ್ದು ನಿಂತಳು. ಯಾರೋ ಗಿರಾಕಿ. ಮತ್ತೆ ಕೂತಳು. ಅಳಲಿಲ್ಲ.